ಅಣ್ಣನ ಟಿಕೆಟ್ ಬುಕ್ ಮಾಡುವ ಮುಂಚೆ

ಗೆಳೆಯಾ,

ನಿನ್ನ ಮೆಸೇಜ್ ನೋಡಿದೆ. "ನೀನಿರುವ ಕ್ಲಿನಿಕ್‌ನಲ್ಲಿ ಕ್ಯಾನ್ಸರ್ ಅನ್ನು ಕೀಮೋ ಇಲ್ಲದೇ ವಾಸಿ ಮಾಡುತ್ತಾರಂತೆ, ಅಣ್ಣನನ್ನೂ ಕಳಿಸಲಾ?" ಅಂತ ಕೇಳಿದ್ದೀಯ. ಎರಡು ಸಾಲಲ್ಲಿ ಉತ್ತರ ಬರೆದು ಅಳಿಸಿದೆ. ಇದು ಎರಡು ಸಾಲಿಗೆ ಮುಗಿಯುವ ಮಾತಲ್ಲ ಮಾರಾಯ.

ನಿನಗೆ ಇದನ್ನು ಬರೆಯುತ್ತಿರುವಾಗಲೂ ಕೀಮೋ ನನ್ನೊಳಗೆ ಹೋಗುತ್ತಲೇ ಇದೆ. ಎದೆಯ ಮೇಲ್ಭಾಗದಲ್ಲಿ ಚರ್ಮದ ಕೆಳಗೆ ಕೂರಿಸಿದ ಪೋರ್ಟ್‌ಗೆ (ರಕ್ತನಾಳಕ್ಕೆ ಔಷಧಿ ಬಿಡುವ ಪುಟ್ಟ ಡಬ್ಬಿ) ಒಂದು ಪುಟ್ಟ ಪಂಪ್ ಸಿಕ್ಕಿಸಿದ್ದಾರೆ. 46 ಗಂಟೆ ಅದು ಸೊಂಟದ ಚೀಲದಲ್ಲೇ ಇರಬೇಕು, ಮಲಗುವಾಗಲೂ. ಎರಡು ವಾರಕ್ಕೊಮ್ಮೆ ಇದೇ ಕಥೆ. ದೊಡ್ಡ ಕರುಳಿನ ಕ್ಯಾನ್ಸರ್ ಆಪರೇಷನ್ ಆದವರಿಗೆ ಎಲ್ಲ ಕಡೆ ಕೊಡುವ ಔಷಧಿಯೇ ಇಲ್ಲೂ ಕೊಡುವುದು. ಇವರು ಇಂಟಿಗ್ರೇಟಿವ್ ಅನ್ನುವುದು ಅದರ ಜೊತೆಗೆ ಸೇರಿಸುವ ಇನ್ನೊಂದಿಷ್ಟಕ್ಕೆ. ಕೀಮೋ ಬಿಡಿಸುತ್ತೇವೆ ಅನ್ನುವವರೂ ಇದೇ ಪದವನ್ನೇ ಬೋರ್ಡಿಗೆ ಹಾಕಿಕೊಳ್ಳುತ್ತಾರೆ, ಅದೇ ತೊಂದರೆ.

ಕೀಮೋ ಕಷ್ಟವೇ. ನನಗೆ ಕೊಡುವ ಆಕ್ಸಾಲಿಪ್ಲಾಟಿನ್ ಅನ್ನುವ ಕೀಮೋ ಔಷಧಿಗೆ ತಣ್ಣಗಿನದ್ದು ಆಗಿಬರುವುದಿಲ್ಲ. ಮೊದಲ ಸಲ ಡ್ರಿಪ್ ಮುಗಿಸಿ ರೂಮಿಗೆ ಬಂದು ಬಾಗಿಲಿನ ಸ್ಟೀಲ್ ಹಿಡಿ ಮುಟ್ಟಿದೆ, ಬೆರಳುಗಳಿಗೆ ಕರೆಂಟ್ ಹೊಡೆದ ಹಾಗಾಯಿತು. ತಣ್ಣೀರು ಒಂದು ಗುಟುಕು ಕುಡಿದರೆ ಗಂಟಲೇ ಮುಚ್ಚಿಕೊಂಡಂತೆ. ಈಗ ಫ್ರಿಜ್ ತೆಗೆಯುವುದಕ್ಕೂ ಉಣ್ಣೆಯ ಗ್ಲೌಸ್ ಬೇಕು. ಪಕ್ಕದ ರೂಮಿನವರು ನೋಡಿ ನಗುತ್ತಾರೆ, ಅವರ ಕೈಯಲ್ಲೂ ಗ್ಲೌಸ್!

ಇನ್ನು ಜೊತೆಗಿನ ಚಿಕಿತ್ಸೆಗಳು. ಮಿಸಲ್‌ಟೋ ಇಂಜೆಕ್ಷನ್ ಅಂತ ಒಂದಿದೆ. ಅದು ನಮ್ಮ ಬಂದಳಿಕೆಯಂಥದ್ದೇ ಗಿಡ. ನೂರು ವರ್ಷಗಳ ಹಿಂದೆ ರುಡಾಲ್ಫ್ ಸ್ಟೈನರ್ ಶುರು ಮಾಡಿಸಿದ್ದು. ಅವರು ವೈದ್ಯರಲ್ಲ, ತತ್ವಜ್ಞಾನಿ. ಬಂದಳಿಕೆ ಮರವನ್ನು ಹೀರುವ ಹಾಗೆ ಗಡ್ಡೆ ದೇಹವನ್ನು ಹೀರುತ್ತದೆ ಅನ್ನುವ ಹೋಲಿಕೆಯಿಂದ ಹುಟ್ಟಿದ ಔಷಧಿ. ಜರ್ಮನಿ, ಸ್ವಿಟ್ಜರ್ಲೆಂಡ್ ಕಡೆ ಇದು ತುಂಬಾ ಮಾಮೂಲಿ. ಹೊಟ್ಟೆಗೆ ಚುಚ್ಚಿದ ಜಾಗ ಕೆಂಪಗೆ ಊದಿಕೊಂಡರೆ ಔಷಧಿ ಕೆಲಸ ಮಾಡುತ್ತಿದೆ ಅಂತ ನರ್ಸ್‌ಗೆ ಖುಷಿ. ನನಗೆ ಬರೀ ತುರಿಕೆ.

ವಿಟಮಿನ್ ಸಿ ವಿಷಯ ಮಾತ್ರ ಪೂರ್ತಿ ಹೇಳಲೇಬೇಕು, ಯಾಕೆಂದರೆ ನಿನ್ನ ಅಣ್ಣನಿಗೂ ಶುಗರ್ ಇದೆ. ಇಲ್ಲಿ ಅದನ್ನು ಮಾತ್ರೆಯಲ್ಲಿ ಕೊಡುವುದಿಲ್ಲ, ಹತ್ತಾರು ಗ್ರಾಂ ನೇರವಾಗಿ ರಕ್ತಕ್ಕೆ ಬಿಡುತ್ತಾರೆ. ಅವತ್ತು ಡ್ರಿಪ್ ಮುಗಿದ ಮೇಲೆ ಅಭ್ಯಾಸಬಲದಿಂದ ನನ್ನದೇ ಮೀಟರಿನಲ್ಲಿ ಶುಗರ್ ನೋಡಿಕೊಂಡೆ. 430! ಮತ್ತೆ ಚುಚ್ಚಿಕೊಂಡೆ, ಇನ್ನೂ ಜಾಸ್ತಿ. ಇನ್ಸುಲಿನ್ ಪೆನ್ನಿನ ಮುಚ್ಚಳ ತೆಗೆದು ಅಂಗಿ ಎತ್ತಿದ್ದೆ ಕಣೋ. ಟ್ರೇ ತೆಗೆಯಲು ಬಂದ ನರ್ಸ್ ನೋಡಿ ಕೈ ಹಿಡಿದುಕೊಂಡರು. ವಿಟಮಿನ್ ಸಿ ರಚನೆಯಲ್ಲಿ ಗ್ಲೂಕೋಸ್‌ನ ನೆಂಟ. ಬೆರಳು ಚುಚ್ಚಿ ನೋಡುವ ಎಷ್ಟೋ ಮೀಟರ್‌ಗಳು ಅದನ್ನೇ ಸಕ್ಕರೆ ಅಂದುಕೊಳ್ಳುತ್ತವೆ, ಗಂಟೆಗಟ್ಟಲೆ ಸುಳ್ಳು ಹೇಳುತ್ತವೆ. ಲ್ಯಾಬಿಗೆ ಕಳಿಸಿದ ರಕ್ತದಲ್ಲಿ ಶುಗರ್ 128 ಇತ್ತು. ಆ ಇನ್ಸುಲಿನ್ ಹೋಗಿದ್ದರೆ ನಿನಗೆ ಈ ಪತ್ರ ಬರುತ್ತಿರಲಿಲ್ಲವೇನೋ. ಸಹಿ ಹಾಕಿಸಿಕೊಂಡ ಅಷ್ಟು ಹಾಳೆಗಳಲ್ಲಿ ಇದು ಒಂದು ಸಾಲೂ ಇರಲಿಲ್ಲ. ಜಿ6ಪಿಡಿ ಅನ್ನುವ ಕಿಣ್ವ ಕಡಿಮೆ ಇರುವವರಿಗೆ ಈ ಡ್ರಿಪ್ ಕೊಟ್ಟರೆ ಕೆಂಪು ರಕ್ತಕಣಗಳೇ ಒಡೆಯಬಹುದು. ಆ ಟೆಸ್ಟ್ ಮಾತ್ರ ಮುಂಚೆಯೇ ಮಾಡಿದ್ದರು.

ಇಷ್ಟೆಲ್ಲ ಮಾಡಿ ಲಾಭ ಏನು? 2022ರಲ್ಲಿ ಪ್ರಕಟವಾದ ಚೀನಾದ ಒಂದು ಪ್ರಯೋಗದಲ್ಲಿ, ಹರಡಿದ ಕರುಳಿನ ಕ್ಯಾನ್ಸರ್‌ಗೆ ಕೀಮೋ ಜೊತೆ ಹೀಗೇ ವಿಟಮಿನ್ ಸಿ ಕೊಟ್ಟು ನೋಡಿದ್ದಾರೆ. ಒಟ್ಟಾರೆ ನೋಡಿದರೆ ರೋಗ ಮುಂದುವರಿಯುವುದು ನಿಧಾನವಾಗಲಿಲ್ಲ. ಅದನ್ನು ಓದಿದ ಮೇಲೆ ನಾನು ನಿಲ್ಲಿಸಿಬಿಟ್ಟೆ. ಡಾಕ್ಟರ್ ಬೇಜಾರು ಮಾಡಿಕೊಳ್ಳಲಿಲ್ಲ.

ಉಪಯೋಗ ಆಗಿಲ್ಲ ಅಂತಲ್ಲ. ಮಣಿಕಟ್ಟಿನ ಗೆರೆಯಿಂದ ಮೂರು ಬೆರಳು ಮೇಲೆ, ಎರಡು ಸ್ನಾಯುರಜ್ಜುಗಳ (ಟೆಂಡನ್) ನಡುವೆ ಅಕ್ಯುಪಂಕ್ಚರ್ ಸೂಜಿ ಹಾಕುತ್ತಾರೆ. ವಾಂತಿ ಮಾತ್ರೆಯ ಜೊತೆ ಅದೂ ಇದ್ದರೆ ನನಗೆ ಹೊಟ್ಟೆ ತೊಳಸುವುದು ಕಡಿಮೆ. ಇನ್ನೊಂದು, ನಡಿಗೆ. ಕೀಮೋ ಮುಗಿಸಿದ ಕರುಳಿನ ಕ್ಯಾನ್ಸರ್‌ನ 889 ಜನರ ಮೇಲೆ ಮಾಡಿದ ಪ್ರಯೋಗ 2025ರಲ್ಲಿ ಬಂತು. ಮೂರು ವರ್ಷ ಕ್ರಮವಾಗಿ ವ್ಯಾಯಾಮ ಮಾಡಿಸಿದ ಗುಂಪಿನಲ್ಲಿ ಎಂಟು ವರ್ಷದ ಹೊತ್ತಿಗೆ ಬದುಕಿದ್ದವರು ನೂರಕ್ಕೆ 90, ಆರೋಗ್ಯದ ಬಗ್ಗೆ ಪುಸ್ತಕ ಮಾತ್ರ ಕೊಟ್ಟ ಗುಂಪಿನಲ್ಲಿ 83. ವಿಮಾನ ಹತ್ತಿ ಇಲ್ಲಿಗೆ ಬಂದು ಕಾರಿಡಾರಿನಲ್ಲಿ ದಿನಾ ಓಡಾಡುತ್ತಿದ್ದೇನೆ ನೋಡು.

ಅಣ್ಣನ ಮಾತಿಗೆ ಬರುತ್ತೇನೆ. ಕೀಮೋಗೆ ಹೆದರಿ ಬೇರೆ ದಾರಿ ಹುಡುಕುತ್ತಿದ್ದರೆ ಒಂದು ಲೆಕ್ಕ ಹೇಳು. ಅಮೆರಿಕದಲ್ಲಿ 2018ರ ಅಧ್ಯಯನದಲ್ಲಿ, ಗುಣವಾಗಬಹುದಾಗಿದ್ದ ಕರುಳಿನ ಕ್ಯಾನ್ಸರ್‌ಗೆ ಬರೀ ಬದಲಿ ಚಿಕಿತ್ಸೆ ಹಿಡಿದವರಲ್ಲಿ ಸಾವಿನ ಅಪಾಯ ಮಾಮೂಲಿ ಚಿಕಿತ್ಸೆ ತೆಗೆದುಕೊಂಡವರಿಗೆ ಹೋಲಿಸಿದರೆ ನಾಲ್ಕೂವರೆ ಪಟ್ಟು ಕಂಡಿತ್ತು. ಅವರನ್ನು ಹೆದರಿಸಬೇಡ, ಸುಮ್ನೆ ಪಕ್ಕ ಕೂತು ಹೇಳು. ಅಷ್ಟಾಗಿಯೂ ಬರುತ್ತೇನೆ ಅಂದರೆ, ಯಾವ ಔಷಧಿ, ಎಷ್ಟು, ಯಾಕೆ ಅಂತ ಕ್ಲಿನಿಕ್‌ನಿಂದ ಬರೆಸಿಕೊಂಡು ಈಗ ನೋಡುತ್ತಿರುವ ಕ್ಯಾನ್ಸರ್ ಡಾಕ್ಟರಿಗೆ ತೋರಿಸಿ. ಬರೆದು ಕೊಡಲು ಒಪ್ಪದಿದ್ದರೆ ಆ ಜಾಗ ಬಿಟ್ಟುಬಿಡಿ.

ಅವರ ಬಯಾಪ್ಸಿ ರಿಪೋರ್ಟ್ ಕಳಿಸು, ಇಲ್ಲಿನ ಡಾಕ್ಟರ್ ಒಬ್ಬರು ನೋಡುತ್ತೇನೆ ಅಂದಿದ್ದಾರೆ. ಭಾನುವಾರ ಬೆಳಗ್ಗೆ ಈ ಪಂಪ್ ಬಿಚ್ಚುತ್ತಾರೆ. ಆಮೇಲೆ ನಾನೇ ಫೋನ್ ಮಾಡುತ್ತೇನೆ, ಅಣ್ಣನೂ ಪಕ್ಕದಲ್ಲಿರಲಿ.

ನಿನ್ನ,
ಗ್ಲೌಸ್ ಹಾಕಿಕೊಂಡೇ ಟೈಪ್ ಮಾಡಿದವನು