ಚೆಂಡಿನಿಂದ ಶುರು ಮಾಡು

ಕೊಪ್ಪಳ

ಪ್ರೀತಿಯ ತಮ್ಮಾ,

ನಿನ್ನ ಕುಮಾರರಾಮನ ನಾಟಕವನ್ನು ಎರಡು ಸಲ ಓದಿದೆ. ಸಾಲಿ ಗ್ಯಾದರಿಂಗಿಗೆ ಆಡಿಸಬೇಕು, 22 ಮಕ್ಕಳಿದ್ದಾರೆ ಎಂದು ಬರೆದಿದ್ದೀಯ. ಆದರೆ ಮಾತಾಡುವವರು ನಾಲ್ಕೇ ಜನ. ಉಳಿದ 18 ಮಕ್ಕಳು ಸುಮ್ನೆ ಈಟಿ ಹಿಡಿದು ನಿಲ್ಲಬೇಕು. ಅವರ ಅವ್ವ, ಅಪ್ಪ ಬಂದು ನೋಡುವುದಾದರೂ ಏನನ್ನ?

ರಾಮನ ಅಪ್ಪ, ಕಂಪಿಲಿಯ ರಾಜ ಕಂಪಿಲರಾಯ ಮೊದಲ ದೃಶ್ಯದಲ್ಲೇ ಒಂದೂವರೆ ಪುಟ ಮಾತಾಡುತ್ತಾನೆ. ಚೆನ್ನಾಗಿಯೇ ಬರೆದಿದ್ದೀಯ. ಆದರೆ ಎಂಟನೇ ಕ್ಲಾಸಿನ ಹುಡುಗ ಅದನ್ನು ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸುತ್ತಾನೆ. ಕೈಗಳನ್ನು ಎಲ್ಲಿಡಬೇಕು ಅಂತಲೂ ಅವನಿಗೆ ಗೊತ್ತಾಗುವುದಿಲ್ಲ. ಮಕ್ಕಳಿಗೆ ಮೊದಲು ಮಾಡಲು ಏನಾದರೂ ಕೊಡು, ಮಾತು ಆಮೇಲೆ. ಮತ್ತೆ ಕಂಪಿಲಿ ಬಿದ್ದದ್ದು 1327ರಲ್ಲಿ ಅಂತ ಇಸವಿಯನ್ನು ಸೂತ್ರಧಾರನ ಬಾಯಲ್ಲಿ ಹೇಳಿಸಬೇಡ. ಅದು ಪರೀಕ್ಷೆಗೆ ಇರಲಿ.

ಕಥೆಯಲ್ಲೇ ಕೆಲಸ ಬಿದ್ದಿದೆ ನೋಡು. ರಾಮ ಗೆಳೆಯರ ಜೊತೆ ಚೆಂಡಾಡುತ್ತಾನೆ, ಚೆಂಡು ಹೋಗಿ ಮಲತಾಯಿ ರತ್ನಾಜಿಯ ಅರಮನೆಯೊಳಗೆ ಬೀಳುತ್ತದೆ. ಇದನ್ನು ನೀನು ಒಬ್ಬ ದೂತನ ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದೀಯಲ್ಲೋ! ಅಲ್ಲಿಂದಲೇ ಶುರು ಮಾಡು. ಮಕ್ಕಳನ್ನು ಬಯಲಿಗೆ ಬಿಡು. ಚೆಂಡು ಕೊಡಬೇಡ, ಇಲ್ಲದ ಚೆಂಡಿನಲ್ಲಿ ಆಡಲಿ. ಮೊದಲು ಗದ್ದಲ ಮಾಡುತ್ತಾರೆ, ಒಬ್ಬನ ಚೆಂಡು ಮೇಲಿದ್ದರೆ ಇನ್ನೊಬ್ಬನದು ಕಾಲ ಕೆಳಗಿರುತ್ತದೆ. ಸ್ವಲ್ಪ ಹೊತ್ತು ಕಾಯಿ. ಎಲ್ಲರ ಕಣ್ಣೂ ಒಂದೇ ಕಡೆ ತಿರುಗಿದಾಗ, ‘ಚೆಂಡು ಗೋಡೆ ದಾಟಿತು’ ಅನ್ನು. ಆಮೇಲೆ ಅವರು ಆಡುವ ಮಾತನ್ನು ಬರೆದುಕೋ.

“ಯಾಕಲೇ ಅಷ್ಟ್ ಜೋರ ಒಗದಿ?”

“ನಾ ಒಗದಿಲ್ಲಪಾ, ಅವಾ ಬಿಟ್ಟಾನ.”

“ಈಗ ತರಾಕ ಯಾರ್ ಹೊಕ್ಕೀರಿ?”

ನಿನ್ನ “ಎಲೈ ಮಿತ್ರರೇ, ಕಂದುಕವು ಅಂತಃಪುರವ ಸೇರಿತಲ್ಲಾ” ಹೊಡೆದುಹಾಕು. ಮಲತಾಯಿಯ ಮೋಹದ ಭಾಗವೂ ಮಕ್ಕಳಿಗೆ ಬೇಡ. ಅವಳು ಚಾಡಿ ಹೇಳಿದಳು, ರಾಜ ವಿಚಾರಿಸದೆ ನಂಬಿದ, ಅಷ್ಟು ಸಾಕು. ಮಾಡದ ತಪ್ಪಿಗೆ ಏಟು ತಿಂದ ಅನುಭವ ಎಲ್ಲ ಮಕ್ಕಳಿಗೂ ಇರುತ್ತದೆ, ಅಲ್ವಾ?

ಇನ್ನು ಗುಳೆ. ಇದನ್ನು ಮರೆತು ನಮ್ಮ ಕಡೆ ಸಾಲಿ ನಾಟಕ ಬರೆಯಬಾರದು. ರಾಯಚೂರು ಕಡೆಯ ಒಂದು ಊರಿನಲ್ಲಿ ನಾನು ಧ್ರುವನ ನಾಟಕ ಮಾಡಿಸುತ್ತಿದ್ದೆ. ಇನ್ನು ನಾಲ್ಕು ದಿನ ಅನ್ನುವಾಗ ಧ್ರುವ ನಾಪತ್ತೆ. ಮನೆಗೆ ಹೋದರೆ ಬೀಗ. ಅಪ್ಪ ಅವ್ವನ ಜೊತೆ ಬೆಂಗಳೂರಿಗೆ, ಕಟ್ಟಡದ ಕೆಲಸಕ್ಕೆ ಹೋಗಿದ್ದ. ಮಾತು ಬರುತ್ತಿದ್ದದ್ದು ಅವನಿಗೆ ಮತ್ತು ನನಗೆ ಮಾತ್ರ. ಹಾಗಾಗಿ ಮೀಸೆ ಬೋಳಿಸಿಕೊಂಡು ನಾನೇ ಐದು ವರ್ಷದ ಧ್ರುವನಾದೆ. ಒಂಬತ್ತನೇ ಕ್ಲಾಸಿನ ರಾಜನ ತೊಡೆ ಏರಲು ಹೋದೆ ನೋಡು, ಜನ ಬಿದ್ದೂ ಬಿದ್ದೂ ನಕ್ಕರು. ರಾಜನೂ ನಕ್ಕ.

ಅವತ್ತಿನಿಂದ ಒಂದು ಪಾತ್ರವನ್ನು ಇಬ್ಬರು ಮೂವರಿಗೆ ಕಲಿಸುತ್ತೇನೆ. ಕೆಂಪು ರುಮಾಲು ಯಾರ ತಲೆಯ ಮೇಲಿದೆಯೋ ಅವರೇ ರಾಮ. ದೃಶ್ಯಕ್ಕೊಬ್ಬರು ಸುತ್ತಿಕೊಂಡರೂ ನೋಡುವವರಿಗೆ ತೊಂದರೆ ಆಗುವುದಿಲ್ಲ. ದೊಡ್ಡಾಟದ ಸಾರಥಿಯನ್ನೂ ತಂದುಕೋ. ಬಂದ ಪಾತ್ರವನ್ನು ‘ಯಾರು ನೀವು’ ಎಂದು ಕೇಳುವವನು ಅವನೇ ಅಲ್ವಾ? ಬಾಯಿ ಜೋರಿರುವ ಒಂದು ಮಗುವಿಗೆ ಅದನ್ನು ಕೊಡು. ರಾಜ ಮಾತು ಮರೆತು ನಿಂತರೆ ಅದು ಹೋಗಿ, “ಯಾಕ ರಾಜಾ, ಸುಮ್ನ ನಿಂತಿ? ಮಗನ ಮ್ಯಾಲೆ ಸಿಟ್ಟ ಬಂದೈತೇನು?” ಅನ್ನಲಿ. ರಾಜನಿಗೆ ಮಾತು ನೆನಪಾಗುತ್ತದೆ. ಪಕ್ಕದಲ್ಲಿ ಪುಸ್ತಕ ಹಿಡಿದು ಪಿಸುಗುಟ್ಟುವ ಮೇಷ್ಟ್ರು ಬೇಕಾಗುವುದಿಲ್ಲ.

ರತ್ನಾಜಿಗೆ ಗಂಡುಹುಡುಗನನ್ನು ಹಾಕಿದ್ದೀಯ. ಹೆಣ್ಣಿನ ಪಾತ್ರವನ್ನು ಹೆಣ್ಣುಮಕ್ಕಳೇ ಮಾಡಲಿ ಎಂದು ದುಡಿದ ನಟ ಬಳ್ಳಾರಿ ರಾಘವರು 1946ರಲ್ಲೇ ತೀರಿಕೊಂಡರು. ನಾವಿನ್ನೂ ಇಲ್ಲೇ ಇದ್ದೇವೆ. ಹುಡುಗಿಯರು ಬರಲ್ಲ ಅನ್ನಬೇಡ. ಸಂಜೆ ಆರಕ್ಕೆ ತಾಲೀಮು ಇಟ್ಟರೆ ಯಾವ ಹುಡುಗಿ ಬರುತ್ತಾಳೆ? ಬಸ್ ತಪ್ಪುತ್ತದೆ, ಮನೆಯಲ್ಲಿ ಬೈಯುತ್ತಾರೆ. ಊಟದ ಬಿಡುವಿನಲ್ಲಿ ಮಾಡು.

ಮೈಕಿನ ಮುಂದೆ ಮಾತ್ರ ಸಾಲಾಗಿ ನಿಲ್ಲಿಸಬೇಡ. ಈ ಬದುವಿನಿಂದ ಆ ಬದುವಿಗೆ ಕೂಗಿ ಕುರಿ ತಿರುಗಿಸುವ ಮಕ್ಕಳು ಅವರು.

ಮೊದಲ ದೃಶ್ಯ ಹೊಸದಾಗಿ ಬರೆದು ಕಳಿಸು. ಟೈಪ್ ಮಾಡಿಸಬೇಡ, ನಿನ್ನ ಅಕ್ಷರ ಚೆನ್ನಾಗಿದೆ. ಅವ್ವಗೆ ನಮಸ್ಕಾರ ಹೇಳು.

ನಿನ್ನ ಅಣ್ಣ