ಡಿಸೆಂಬರಿನ ಕೆಲವು ಸಂಜೆಗಳನ್ನಾದರೂ ಮನೆಗಳಿಗೆ ಬಿಟ್ಟುಕೊಡಿ

ಮಾನ್ಯ ಸಂಪಾದಕರೇ,

ಕ್ರಿಸ್‌ಮಸ್ ಹತ್ತಿರವಾಯಿತೆಂದರೆ ಪತ್ರಿಕೆಗಳಲ್ಲಿ ನಕ್ಷತ್ರದೀಪಗಳ, ಕೇಕುಗಳ, ದೀಪಾಲಂಕಾರ ಮಾಡಿದ ಚರ್ಚುಗಳ ಚಿತ್ರಗಳು ಬರತೊಡಗುತ್ತವೆ. ಬರಲಿ, ನೋಡಲು ನನಗೂ ಇಷ್ಟವೇ. ಆದರೆ ಹಬ್ಬಕ್ಕೆ ಮುಂಚಿನ ಎರಡು ಮೂರು ವಾರಗಳಲ್ಲಿ ಕೋಲಾರ ಜಿಲ್ಲೆಯ, ಅದರಲ್ಲೂ ನಮ್ಮ ಕೆಜಿಎಫ್‌ನ, ಒಂದು ಸಾಧಾರಣ ಕ್ರೈಸ್ತ ಮನೆಯೊಳಗೆ ಏನು ನಡೆಯುತ್ತದೆ ಎಂಬುದು ಅಚ್ಚಾಗುವುದು ಅಪರೂಪ. ನಮ್ಮ ಹಬ್ಬದ ಪದ್ಧತಿಗಳೆಲ್ಲ ಗಣಿ ನಡೆಯುತ್ತಿದ್ದ ಕಾಲದ ಲೆಕ್ಕಾಚಾರದಲ್ಲೇ ಉಳಿದಿವೆ, ಬದುಕು ಮಾತ್ರ ಬೆಂಗಳೂರಿನ ರೈಲಿನ ವೇಳಾಪಟ್ಟಿಗೆ ಹೊಂದಿಕೊಂಡಿದೆ. ಈ ಎರಡರ ನಡುವಿನ ಅಂತರವನ್ನು ಪ್ರತಿ ಡಿಸೆಂಬರಿನಲ್ಲೂ ಮನೆಯ ಹೆಂಗಸರು ತಮ್ಮ ನಿದ್ದೆಗೆಟ್ಟು ತುಂಬಿಕೊಡುತ್ತಿದ್ದಾರೆ. ಈ ವಿಷಯವನ್ನು ನಮ್ಮ ಕ್ರೈಸ್ತ ಸಭೆಗಳ ಹಿರಿಯರ ಮತ್ತು ಮನೆಗಳ ಗಂಡಸರ ಗಮನಕ್ಕೆ ತರುವುದಕ್ಕಾಗಿ ಈ ಪತ್ರ ಬರೆಯುತ್ತಿದ್ದೇನೆ.

ಗಣಿಯ ಕಾಲದಲ್ಲಿ ಕೆಲಸದ ಜಾಗ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿತ್ತು. ಮೂರು ಪಾಳಿಗಳಲ್ಲಿ ಯಾವ ಪಾಳಿಯಾದರೂ ಗಂಡಸರು ದಿನದ ಒಂದು ಹೊತ್ತಿನಲ್ಲಿ ಮನೆಯಲ್ಲಿರುತ್ತಿದ್ದರು, ಬಹುಪಾಲು ಹೆಂಗಸರು ಮನೆಯಲ್ಲೇ ಇರುತ್ತಿದ್ದರು. ಲೈನ್ ಮನೆಗಳು ಗೋಡೆಗೆ ಗೋಡೆ ಅಂಟಿಕೊಂಡಿದ್ದರಿಂದ ಒಬ್ಬರ ಮನೆಯ ಒಲೆಯ ಮುಂದೆ ನಾಲ್ಕು ಮನೆಯವರು ಕೂತು ತಿಂಡಿ ಕರಿಯುವುದು ಸಹಜವಾಗಿತ್ತು. ಹದಿನೈದು ದಿನ ಮುಂಚೆ ಸುಣ್ಣ ಬಳಿಯುವುದು, ಹತ್ತು ದಿನ ಮುಂಚೆ ಅಕ್ಕಿ ನೆನೆಸುವುದು, ರಾತ್ರಿಯೆಲ್ಲ ಕ್ಯಾರಲ್ ಹಾಡುತ್ತಾ ಬೀದಿ ಸುತ್ತುವುದು ಆ ವ್ಯವಸ್ಥೆಗೆ ಸರಿಹೊಂದುತ್ತಿತ್ತು. 2001ರ ಫೆಬ್ರವರಿ 28ರಂದು ಚಿನ್ನದ ಗಣಿಗಳನ್ನು ಮುಚ್ಚಿದ ಮೇಲೆ ಊರಿನ ದುಡಿಯುವ ಜನ ಬೆಂಗಳೂರಿನ ಕಡೆಗೆ ಮುಖ ಮಾಡಿದರು. ಗಣಿಗಾಗಿಯೇ 1894ರಲ್ಲಿ ಹಾಕಿದ ಬಂಗಾರಪೇಟೆ–ಮಾರಿಕುಪ್ಪಂ ರೈಲುಹಳಿ ಇಂದು ಚಿನ್ನವನ್ನಲ್ಲ, ನಮ್ಮ ಮಕ್ಕಳನ್ನು, ಸೊಸೆಯಂದಿರನ್ನು ಬೆಳಗಿನ ಜಾವ ಹೊತ್ತುಕೊಂಡು ಹೋಗಿ ರಾತ್ರಿ ತಂದು ಬಿಡುತ್ತದೆ. ಗಾರ್ಮೆಂಟ್ಸ್ ಕಾರ್ಖಾನೆ, ಆಸ್ಪತ್ರೆ, ಅಂಗಡಿ, ಕಂಪ್ಯೂಟರ್ ಕಂಪನಿ, ಹೀಗೆ ಕೆಲಸ ಬೇರೆ ಬೇರೆ, ರೈಲು ಒಂದೇ. ಸುಮಾರು ನೂರು ಕಿಲೋಮೀಟರು ದೂರದಲ್ಲಿ ದುಡಿದು ರಾತ್ರಿ ಮನೆ ಸೇರುವ ಹೆಣ್ಣುಮಗಳಿಗೆ ಡಿಸೆಂಬರಿನಲ್ಲಿ ಇನ್ನೊಂದು ಪಾಳಿ ಕಾದಿರುತ್ತದೆ.

ಆ ಪಾಳಿಯಲ್ಲಿ ಏನೇನಿದೆ ಎಂಬುದನ್ನು ತಿನ್ನುವವರು ತಿಳಿದಿರುವುದಿಲ್ಲವಾದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಕಜ್ಜಾಯಕ್ಕೆ ಅಕ್ಕಿ ನೆನೆಸಿ, ನೀರು ಬಸಿದು, ಬಟ್ಟೆಯ ಮೇಲೆ ನೆರಳಿನಲ್ಲಿ ಹರಡಬೇಕು. ತೇವ ಪೂರ್ತಿ ಆರಿಹೋಗುವ ಮೊದಲೇ ಹಿಟ್ಟು ಮಾಡಿಸಬೇಕು. ಬೆಲ್ಲದ ಪಾಕ ಹದಕ್ಕೆ ಬಂದ ಗಳಿಗೆಯಲ್ಲೇ ಹಿಟ್ಟು ಸುರಿದು ಕಲಸಬೇಕು. ಕಲಸಿದ್ದನ್ನು ಒಂದೆರಡು ದಿನ ಮುಚ್ಚಿಟ್ಟು ಆಮೇಲೆ ತಟ್ಟಿ ಕರಿಯಬೇಕು. ಬೆಳಿಗ್ಗೆ ಹೋಗಿ ರಾತ್ರಿ ಬರುವವಳು ಹಿಟ್ಟಿನ ಗಿರಣಿಗೆ ಯಾವಾಗ ಹೋಗಬೇಕು? ಅಚ್ಚು ಮುರುಕಿನದು ಇನ್ನೊಂದು ಬಗೆಯ ಕಷ್ಟ. ಅಚ್ಚನ್ನು ಕಾದ ಎಣ್ಣೆಯಲ್ಲೇ ಇಟ್ಟು ಬಿಸಿ ಮಾಡಿಕೊಂಡು, ಹಿಟ್ಟಿನಲ್ಲಿ ಮುಕ್ಕಾಲು ಮಾತ್ರ ಅದ್ದಬೇಕು. ಅಂಚು ಮೀರಿ ಮುಳುಗಿಸಿದರೆ ಹಿಟ್ಟು ಮೇಲಕ್ಕೆ ಹಿಡಿದುಕೊಂಡು ಎಣ್ಣೆಗೆ ಬಿಡುವುದೇ ಇಲ್ಲ. ಒಂದು ಸಲಕ್ಕೆ ಒಂದು ಹೂವು, ಹೀಗೆ ಡಬ್ಬಿ ತುಂಬುವವರೆಗೆ ನಿಲ್ಲಬೇಕು. ಕಲ್‌ಕಲ್ ಎಂದರೆ ಸಕ್ಕರೆ ಹಾಕಿದ ಮೈದಾ ಹಿಟ್ಟಿನ ಚಿಕ್ಕ ಚಿಕ್ಕ ಉಂಡೆಗಳನ್ನು ಹೊಸ ಬಾಚಣಿಗೆಯ ಅಥವಾ ಫೋರ್ಕಿನ ಹಲ್ಲುಗಳ ಮೇಲೆ ಒತ್ತಿ ಸುರುಳಿ ಸುತ್ತುವ ಕೆಲಸ. ಒಬ್ಬಳೇ ಕೂತರೆ ಮುಗಿಯುವುದೇ ಇಲ್ಲ. ಇವುಗಳ ಜೊತೆಗೆ ಕರ್ಜಿಕಾಯಿ, ನಿಪ್ಪಟ್ಟು. ದ್ರಾಕ್ಷಿ ಗೋಡಂಬಿ ಟೂಟಿಫ್ರೂಟಿಗಳ ಕೇಕು. ಮನೆಯಲ್ಲಿ ಓವನ್ ಇಲ್ಲದವರು ಹಿಟ್ಟು ಕಲಸಿ ಬೇಕರಿಯ ಒಲೆಗೆ ಕೊಟ್ಟು ಬೇಯಿಸಿಕೊಂಡು ಬರುವುದೂ ನಮ್ಮಲ್ಲಿ ಹಳೆಯ ರೂಢಿ.

ಇವೆಲ್ಲ ಬೇಡವೆಂದು ನಾನು ಹೇಳುತ್ತಿಲ್ಲ. ದೀಪಾವಳಿಗೆ ತಿಂಡಿ, ಸಂಕ್ರಾಂತಿಗೆ ಎಳ್ಳು-ಬೆಲ್ಲ, ರಂಜಾನಿಗೆ ಬಿರಿಯಾನಿ ಕಳಿಸುವ ಅಕ್ಕಪಕ್ಕದವರಿಗೆ ಡಿಸೆಂಬರ್ 25ರಂದು ತಟ್ಟೆ ತುಂಬ ತಿಂಡಿ ಕಳಿಸದೆ ಇರಲಾಗುತ್ತದೆಯೇ? ಆದರೆ ಆ ತಟ್ಟೆಯಲ್ಲಿ ಏಳು ಬಗೆ ಇರಲೇಬೇಕೆಂದು ಯಾವ ಸುವಾರ್ತೆಯಲ್ಲೂ ಬರೆದಿಲ್ಲ. ನಮ್ಮ ಊರಿನಲ್ಲಿ ಹಬ್ಬದ ತಿಂಡಿಗಳನ್ನು ಕಿಲೋ ಲೆಕ್ಕದಲ್ಲಿ ಮಾಡಿಕೊಟ್ಟು ಸಂಸಾರ ನಡೆಸುವ ಹೆಂಗಸರಿದ್ದಾರೆ. ನಾಲ್ಕು ಬಗೆಗಳನ್ನು ಅವರಿಂದ ಕೊಂಡು, ಮನೆಯಲ್ಲಿ ಒಂದೇ ಒಂದನ್ನು, ಎಲ್ಲರೂ ಕೂತು ಮಾಡುವುದು ಸಾಧ್ಯ. ‘ಕೊಂಡ ತಿಂಡಿ ಹಂಚುವುದು ಅವಮಾನ’ ಎನ್ನುವ ಹಿರಿಯ ಹೆಂಗಸರಿಗೆ, ಅಂದರೆ ನನ್ನ ವಯಸ್ಸಿನ ಅತ್ತೆಯಂದಿರಿಗೆ, ನನ್ನದೊಂದು ಪ್ರಶ್ನೆ: ನಾವು ಸೊಸೆಯಾಗಿದ್ದಾಗ ಬೆಳಿಗ್ಗೆ ರೈಲು ಹಿಡಿಯುತ್ತಿದ್ದೆವೇ?

‘ಎಲ್ಲರೂ ಕೂತು’ ಎಂದೆ. ಇಲ್ಲಿ ಗಂಡಸರ ಮಾತು ಬರುತ್ತದೆ. ರಾಷ್ಟ್ರೀಯ ಅಂಕಿಅಂಶ ಕಚೇರಿ 2024ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷಗಳನ್ನೂ, ಅಂಥ ಕೆಲಸ ಮಾಡುವ ಗಂಡಸರು 88 ನಿಮಿಷಗಳನ್ನೂ ಅದಕ್ಕಾಗಿ ಕಳೆಯುತ್ತಾರೆ. ಇದು ಸಾಮಾನ್ಯ ದಿನಗಳ ಸರಾಸರಿ. ಹಬ್ಬದ ವಾರದ ಲೆಕ್ಕವನ್ನು ಓದುಗರೇ ಊಹಿಸಿಕೊಳ್ಳಬಹುದು. ನಮ್ಮ ಗಂಡಸರು ಡಿಸೆಂಬರಿನಲ್ಲಿ ಸುಮ್ಮನೆ ಕೂರುತ್ತಾರೆಂದಲ್ಲ. ನಕ್ಷತ್ರ ಕಟ್ಟುತ್ತಾರೆ, ಸೀರಿಯಲ್ ಬಲ್ಬು ಎಳೆಯುತ್ತಾರೆ, ಚರ್ಚಿನ ಮುಂದೆ ಪೆಂಡಾಲು ಹಾಕಿಸುತ್ತಾರೆ. ಎಲ್ಲರ ಕಣ್ಣಿಗೆ ಬೀಳುವ ಕೆಲಸಗಳವು. ಇದೇ ಕಾಲದಲ್ಲಿ ನಮ್ಮ ಜಿಲ್ಲೆಯಲ್ಲಿ ಅವರೆಕಾಯಿಯ ಸುಗ್ಗಿ. ನೆನೆಸಿದ ಅವರೆಕಾಳಿನ ಬುಟ್ಟಿಯ ಸುತ್ತ ಮನೆಯವರೆಲ್ಲ ಕೂತು ಮಾತಾಡುತ್ತ ಕಾಳು ಹಿದುಕುವಾಗ ಗಂಡು ಹೆಣ್ಣೆಂಬ ಭೇದ ಯಾರೂ ಮಾಡುವುದಿಲ್ಲ. ಹಿದುಕಿದ ಬೇಳೆಗೆ ಬರುವ ಕೈ ಕಲ್‌ಕಲ್ ಸುತ್ತುವುದಕ್ಕೆ ಏಕೆ ಬರಬಾರದು? ಒಂದು ಭಾನುವಾರದ ಮಧ್ಯಾಹ್ನ ಮಗನಿಗೆ ಹಿಟ್ಟು, ಗಂಡನಿಗೆ ಬಾಣಲೆ ಒಪ್ಪಿಸಿದ ಮನೆಗಳು ನಮ್ಮ ಬೀದಿಯಲ್ಲೇ ಇವೆ. ತಿಂಡಿಯ ರುಚಿ ಕೆಟ್ಟಿತೆಂದು ಯಾರೂ ದೂರಿಲ್ಲ. ಆಕಾರದ ಬಗ್ಗೆ ಮಾತ್ರ ನಾನು ಸಾಕ್ಷಿ ಹೇಳಲಾರೆ.

ಇನ್ನು ಕ್ಯಾರಲ್ ಸುತ್ತಾಟದ ವಿಷಯ. ಇದನ್ನು ಬರೆಯಲು ಸಂಕೋಚವಾಗುತ್ತದೆ, ಏಕೆಂದರೆ ಹಬ್ಬದಲ್ಲಿ ನನಗೆ ಅತ್ಯಂತ ಪ್ರಿಯವಾದದ್ದೂ ಅದೇ. ಚಳಿಯಲ್ಲಿ ಮಫ್ಲರು ಸುತ್ತಿಕೊಂಡು ಬಂದ ಹುಡುಗ ಹುಡುಗಿಯರು ಬಾಗಿಲ ಮುಂದೆ ನಿಂತು ಕನ್ನಡದಲ್ಲೊಂದು, ತಮಿಳಿನಲ್ಲೊಂದು, ತೆಲುಗಿನಲ್ಲೊಂದು ಹಾಡು ಹೇಳಿ, ಹಿರಿಯರೊಬ್ಬರು ಪ್ರಾರ್ಥನೆ ಮಾಡಿ ಹೋಗುವಾಗ ಮನೆಗೆ ಬರುವ ಕಳೆಯೇ ಬೇರೆ. ಆದರೆ ಈಗ ನಮ್ಮಲ್ಲಿ ಕಥೋಲಿಕ, ಸಿಎಸ್‌ಐ, ಮೆಥೋಡಿಸ್ಟ್, ಪೆಂತೆಕೋಸ್ತ್ ಎಂದು ಸಭೆಗಳು ಹಲವು. ಒಂದೊಂದು ಸಭೆಯಲ್ಲೂ ಯುವಜನರ ತಂಡ, ಗಾಯಕರ ತಂಡ, ಸ್ತ್ರೀಯರ ಸಂಘ, ಭಾನುವಾರ ಶಾಲೆ ಎಂದು ತಂಡಗಳು ಹಲವು. ನೆಂಟರು ಸ್ನೇಹಿತರು ಬೇರೆ ಬೇರೆ ಸಭೆಗಳಲ್ಲಿರುವುದರಿಂದ ಒಂದೇ ಮನೆಗೆ ಹಲವು ತಂಡಗಳು ಬರುತ್ತವೆ. ಯಾವ ದಿನ, ಎಷ್ಟು ಹೊತ್ತಿಗೆ ಎಂಬುದು ಮೊದಲೇ ತಿಳಿಯುವುದಿಲ್ಲ. ಎಂಟು ಗಂಟೆಗೆ ಎಂದವರು ಹನ್ನೊಂದಕ್ಕೆ ಬಂದರೆ ಅಷ್ಟು ಹೊತ್ತಿನವರೆಗೆ ಮನೆಯವರು ಉಡುಪು ಬದಲಿಸದೆ, ಮಕ್ಕಳನ್ನು ಮಲಗಿಸದೆ, ಕಾಫಿ ಡಿಕಾಕ್ಷನ್ ಇಟ್ಟುಕೊಂಡು ಕಾಯಬೇಕು. ಬಂದವರು ಇಪ್ಪತ್ತು ಮೂವತ್ತು ಜನ. ಅವರಿಗೆ ಕೇಕು, ಮಿಕ್ಸ್ಚರು, ಕಾಫಿ, ಕಾಣಿಕೆಯ ಕವರು, ಅವರು ಹೋದ ಮೇಲೆ ಲೋಟ ತೊಳೆಯುವುದು. ಬೆಳಗಿನ ಜಾವದ ರೈಲು ಮಾತ್ರ ಯಾರಿಗೂ ಕಾಯುವುದಿಲ್ಲ.

ಬೀದಿಯಲ್ಲಿ ನಮ್ಮವರಷ್ಟೇ ಇಲ್ಲ ಎಂಬುದನ್ನೂ ನೆನಪಿಡಬೇಕು. ಡಿಸೆಂಬರ್ ನಡುವಿನಿಂದ ಧನುರ್ಮಾಸ ಹಿಡಿಯುತ್ತದೆ. ಎದುರು ಮನೆಯವರು ನಸುಕಿನಲ್ಲೇ ಎದ್ದು ದೇವಸ್ಥಾನಕ್ಕೆ ಹೋಗುವವರು. ಟೆಂಪೋ ಮೇಲೆ ಸ್ಪೀಕರು ಕಟ್ಟಿಕೊಂಡು ನಡುರಾತ್ರಿ ಡ್ರಮ್ಸ್ ಬಾರಿಸುವ ತಂಡಗಳು ಈಚೆಗೆ ಹೆಚ್ಚಾಗಿವೆ. 2000ದ ಶಬ್ದಮಾಲಿನ್ಯ ನಿಯಂತ್ರಣ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಹೊರಗೆ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬಗಳಿಗಾಗಿ ವರ್ಷದಲ್ಲಿ ಹೆಚ್ಚೆಂದರೆ 15 ದಿನ ರಾತ್ರಿ 12ರವರೆಗೆ ಸಡಿಲಿಕೆ ಕೊಡುವ ಅಧಿಕಾರ ಸರ್ಕಾರಕ್ಕಿದೆ ನಿಜ; ಅದನ್ನು ತಂಡಗಳು ತಾವೇ ಕೊಟ್ಟುಕೊಳ್ಳುವ ಹಾಗಿಲ್ಲ. ಕ್ಯಾರಲ್‌ಗೆ ಒಂದು ಗಿಟಾರು, ಒಂದು ತಬಲ ಧಾರಾಳವಾಗಿ ಸಾಕು.

ಚರ್ಚಿಗೆ ಬರಲಾಗದ ವೃದ್ಧರು, ಹಾಸಿಗೆ ಹಿಡಿದವರು ಈ ಹಾಡಿಗಾಗಿಯೇ ವರ್ಷವೆಲ್ಲ ಕಾಯುತ್ತಾರಲ್ಲ ಎಂದು ಕೆಲವರು ಕೇಳಬಹುದು. ಅದು ಒಪ್ಪತಕ್ಕ ಮಾತು. ಗಣಿಧೂಳಿನಿಂದ ಶ್ವಾಸಕೋಶ ಕೆಟ್ಟು ಮನೆಯಲ್ಲೇ ಉಳಿದ ಹಳೆಯ ಕಾರ್ಮಿಕರು ನಮ್ಮ ಲೈನುಗಳಲ್ಲಿ ಈಗಲೂ ಇದ್ದಾರೆ. ತಂಡಗಳು ಮೊದಲು ಹೋಗಬೇಕಾದದ್ದು ಅಂಥವರ ಮನೆಗೇ, ಅದೂ ಅವರು ಎಚ್ಚರವಿರುವ ಇಳಿಹೊತ್ತಿನಲ್ಲಿ. ಮಿಕ್ಕ ಮನೆಗಳ ಮಟ್ಟಿಗೆ ಬೀದಿಯ ಒಂದು ತಿರುವಿನಲ್ಲಿ ತಂಡ ನಿಂತು ಹಾಡಿದರೆ, ಸುತ್ತಲಿನ ಮನೆಗಳವರು, ಕ್ರೈಸ್ತರಲ್ಲದವರೂ ಸೇರಿ, ಹೊರಗೆ ಬಂದು ಕೇಳುತ್ತಾರೆ. ಕಾಫಿ ಆ ಬೀದಿಗೆಲ್ಲ ಒಂದೇ ಮನೆಯಲ್ಲಿ ಆದೀತು, ಅಥವಾ ಆಗದಿದ್ದರೂ ನಡೆದೀತು. ಕಾಣಿಕೆಯನ್ನು ಕೊಡುವವರು ಚರ್ಚಿನ ಪೆಟ್ಟಿಗೆಯಲ್ಲೇ ಹಾಕಲಿ. ಹತ್ತು ಜನರ ಎದುರಿಗೆ ಕವರು ಚಾಚಿದಾಗ ಕೈಯಲ್ಲಿ ಕಾಸಿಲ್ಲದ ಮನೆಯವರಿಗೆ ಆಗುವ ಸಂಕಟವನ್ನು ನಾನು ಕಂಡಿದ್ದೇನೆ.

ಮಕ್ಕಳ ಕಥೆಯೂ ಇದಕ್ಕಿಂತ ಬೇರೆಯಲ್ಲ. ದಸರಾ ರಜೆ ಮುಗಿದ ಮೇಲೆ ಶಾಲೆಗಳು ಬಿಡುವಿಲ್ಲದೆ ನಡೆಯುತ್ತವೆ. ಕೆಲವು ಕ್ರೈಸ್ತ ಸಂಸ್ಥೆಗಳು ದಸರಾ ರಜೆಯನ್ನು ಮೊಟಕುಗೊಳಿಸಿ ಕ್ರಿಸ್‌ಮಸ್‌ಗೆ ಕೆಲವು ದಿನ ಕೊಡುವುದುಂಟಾದರೂ ಬಹಳಷ್ಟು ಮಕ್ಕಳಿಗೆ 25ನೇ ತಾರೀಕು ಒಂದೇ ರಜೆ. ಡಿಸೆಂಬರಿನಲ್ಲೇ ಶಾಲಾ ವಾರ್ಷಿಕೋತ್ಸವ, ಶೈಕ್ಷಣಿಕ ಪ್ರವಾಸ, ಹತ್ತನೆಯ ತರಗತಿಯವರಿಗೆ ವಿಶೇಷ ತರಗತಿ. ಅದರ ಮೇಲೆ ಚರ್ಚಿನ ನಾಟಕದ ರಿಹರ್ಸಲ್, ದೇವದೂತರ ರೆಕ್ಕೆ, ಕುರುಬರ ಕಂಬಳಿ, ಜ್ಯೋತಿಷಿಗಳ ಕಿರೀಟ. ರೆಕ್ಕೆ ಹೊಲಿಯುವವಳು ಯಾರೆಂದು ಹೇಳಬೇಕಾಗಿಲ್ಲ. ವಾರದ ಸಂಜೆಗಳಲ್ಲಿ ನಡೆಸುವ ರಿಹರ್ಸಲನ್ನು ಭಾನುವಾರದ ಆರಾಧನೆ ಮುಗಿದ ಕೂಡಲೇ ಮಾಡಬಹುದು. ಕಳೆದ ವರ್ಷದ ರೆಕ್ಕೆಗಳನ್ನು ಚರ್ಚಿನ ಬೀರುವಿನಲ್ಲೇ ಜೋಪಾನವಾಗಿಡಬಹುದು.

ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳನ್ನು ಒಳಗೊಂಡ ಅವಧಿಯನ್ನು ಆಗಮನ ಕಾಲವೆಂದು ಆಚರಿಸುವ ಸಭೆಗಳು ನಮ್ಮಲ್ಲಿ ಹಲವು. ವಾರಕ್ಕೊಂದರಂತೆ ಮೇಣದ ಬತ್ತಿ ಹಚ್ಚಿ, ಮೌನವಾಗಿ ಕಾಯಿರಿ ಎಂದು ವೇದಿಕೆಯ ಮೇಲಿಂದ ಬೋಧಿಸಿದವರೇ ಕೆಳಗಿಳಿದು ಬಂದು ವಾರದ ಆರೂ ಸಂಜೆಗೆ ಕಾರ್ಯಕ್ರಮಗಳ ಪಟ್ಟಿ ಹಂಚುತ್ತಾರೆ. ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಯಾಗಿ ಮನೆಯಲ್ಲಿ ಕೂತು ಮಾಡುವ ಗೋದಲಿಯನ್ನೇ ನೋಡಿ. 1223ರಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸ್ ಇಟಲಿಯ ಗ್ರೆಚ್ಚೊ ಎಂಬ ಊರಿನಲ್ಲಿ ಹುಲ್ಲು, ಎತ್ತು, ಕತ್ತೆ ಇಟ್ಟು ಏರ್ಪಡಿಸಿದ ಆ ಸರಳ ದೃಶ್ಯ ನಮ್ಮ ಮನೆಗಳಿಗೆ ಬಂದು ನಮ್ಮದೇ ಆಗಿದೆ: ಹತ್ತು ದಿನ ಮುಂಚೆ ತಟ್ಟೆಯಲ್ಲಿ ಮಣ್ಣು ಹರಡಿ ರಾಗಿ ಚೆಲ್ಲಿದರೆ ಹಬ್ಬದ ಹೊತ್ತಿಗೆ ಗೋದಲಿಯ ಮುಂದೆ ಹಸಿರು ಹೊಲ ಎದ್ದಿರುತ್ತದೆ. ಇದಕ್ಕೆ ಖರ್ಚಿಲ್ಲ, ಅಜ್ಜಂದಿರಿಂದ ಹಿಡಿದು ಚಿಕ್ಕ ಮಕ್ಕಳವರೆಗೆ ಎಲ್ಲರಿಗೂ ಕೆಲಸವುಂಟು. ಈಚೆಗೆ ಪ್ಲಾಸ್ಟಿಕ್ ಹುಲ್ಲಿನ ಸಿದ್ಧ ಗೋದಲಿ ಕೊಳ್ಳುವವರು ಹೆಚ್ಚಿದ್ದಾರೆ. ಅವರನ್ನು ನಾನು ದೂರಲಾರೆ; ರಾಗಿಗೆ ನೀರು ಹಾಕುವುದಕ್ಕೂ ಸಂಜೆ ಮನೆಯಲ್ಲಿ ಯಾರಾದರೂ ಇರಬೇಕು.

ಆದ್ದರಿಂದ ಸಭಾಪಾಲಕರಲ್ಲಿ, ಧರ್ಮಗುರುಗಳಲ್ಲಿ, ಸಭಾಸಮಿತಿಗಳಲ್ಲಿ ನನ್ನ ಬೇಡಿಕೆ ಇಷ್ಟು. ಡಿಸೆಂಬರ್ 20ರಿಂದ 23ರವರೆಗಿನ ಸಂಜೆಗಳಲ್ಲಿ ಯಾವ ತಂಡಕ್ಕೂ, ಯಾವ ಸಂಘಕ್ಕೂ ಕಾರ್ಯಕ್ರಮ ಇಡಬೇಡಿ. ಕ್ಯಾರಲ್ ಸುತ್ತಾಟವನ್ನು ಅದಕ್ಕೆ ಮುಂಚೆಯೇ ಮುಗಿಸಿ, ರಾತ್ರಿ 9ರ ನಂತರ ಯಾರ ಮನೆಯ ಬಾಗಿಲನ್ನೂ ತಟ್ಟದಿರಿ. ಒಂದೇ ಬಡಾವಣೆಯ ಬೇರೆ ಬೇರೆ ಸಭೆಗಳು ಒಟ್ಟಿಗೆ ಕೂತು ಬೀದಿಗಳನ್ನು ಹಂಚಿಕೊಂಡರೆ ಇನ್ನೂ ಒಳ್ಳೆಯದು. ವರ್ಷದಲ್ಲಿ ಒಮ್ಮೆ ಜೊತೆಯಾಗಿ ಐಕ್ಯ ಕ್ರಿಸ್‌ಮಸ್ ನಡೆಸುವವರಿಗೆ ಇದು ಕಷ್ಟವಾಗಬಾರದು. ಯಾವ ಬೀದಿಗೆ ಯಾವ ದಿನ ಎಂಬ ಪಟ್ಟಿಯನ್ನು ಭಾನುವಾರದ ಪ್ರಕಟಣೆಗಳಲ್ಲಿ ಓದಿ, ಸಭೆಯ ವಾಟ್ಸ್ಆ್ಯಪ್ ಗುಂಪಿನಲ್ಲೂ ಹಾಕಿರಿ. ಸ್ತ್ರೀಯರ ಸಂಘದ ಕ್ರಿಸ್‌ಮಸ್ ಕೂಟವನ್ನು ಜನವರಿಯ ಮೊದಲ ವಾರಕ್ಕೆ ಮುಂದೂಡಿದರೆ ಆ ಸಂಘದ ಸದಸ್ಯೆಯರೇ ಮೊದಲು ಕೈ ಎತ್ತಿ ಅನುಮೋದಿಸುತ್ತಾರೆ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಸಮಿತಿಯವರು ಈ ಪ್ರಶ್ನೆಯನ್ನು ಅವರ ಮುಂದೆ ಇಟ್ಟು ನೋಡಬೇಕಷ್ಟೆ.

ಇಂತಿ,
ನಿವೃತ್ತ ಶಿಕ್ಷಕಿ,
ರಾಬರ್ಟ್‌ಸನ್‌ಪೇಟೆ, ಕೆಜಿಎಫ್, ಕೋಲಾರ ಜಿಲ್ಲೆ