ಬಾಗಿಲು ತೆರೆದರೆ ಸಾಲದು, ಒಳಗೆ ಜಾಗ ಬೇಕು

ಮಾನ್ಯ ಸಂಪಾದಕರೇ,

ಕ್ರೈಸ್ತ ಆರಾಧನೆಗೆ ಹೊರಗಿನವರೂ ಸಮಾಜದ ಅಂಚಿನಲ್ಲಿರುವವರೂ ಏಕೆ ಬಂದು ನೆಲೆ ನಿಲ್ಲುತ್ತಿಲ್ಲ ಎಂಬ ಬಗ್ಗೆ ತಮ್ಮ ವಾಚಕರ ಅಂಕಣದಲ್ಲಿ ನಡೆದಿರುವ ಚರ್ಚೆಯನ್ನು ಗಮನಿಸುತ್ತಾ ಬಂದಿದ್ದೇನೆ. ಚರ್ಚಿನ ಬಾಗಿಲು ಯಾರಿಗೂ ಮುಚ್ಚಿಲ್ಲ, ಮನಸ್ಸಿಲ್ಲದವರನ್ನು ಕೈಹಿಡಿದು ಎಳೆತರಲಾಗದು ಎಂದು ಕೆಲವರು ಬರೆದಿದ್ದಾರೆ. ಬಾಗಿಲು ಮುಚ್ಚಿಲ್ಲವೆಂಬುದು ನಿಜ. ಆದರೆ ಅದನ್ನು ದಾಟಿ ಬಂದವನಿಗೆ ಒಳಗೆ ಏನು ಕಾದಿರುತ್ತದೆ ಎಂಬ ಪ್ರಶ್ನೆ ಆ ಪತ್ರಗಳಲ್ಲಿ ಎಲ್ಲಿಯೂ ಕಾಣಲಿಲ್ಲ. ಬಂದವನು ನಮ್ಮಂತಾಗಲಿ ಎಂದು ಕಾಯುವುದು ಬೇರೆ, ಅವನಿಗಾಗಿ ನಾವು ಸರಿದು ಕೂರುವುದು ಬೇರೆ. ಮೊದಲನೆಯದನ್ನು ಮಾಡಿ ಎರಡನೆಯದರ ಹೆಗ್ಗಳಿಕೆಯನ್ನು ಹೊತ್ತುಕೊಳ್ಳುತ್ತಿದ್ದೇವೆ ಎಂಬುದೇ ನನ್ನ ಆಕ್ಷೇಪ.

ಹೊಸಬನೊಬ್ಬ ಹಿಂದಿನ ಬೆಂಚಿನ ತುದಿಯಲ್ಲಿ ಬಂದು ಕುಳಿತನೆಂದುಕೊಳ್ಳೋಣ. ಗೋಡೆಯ ಹಲಗೆಯ ಮೇಲೆ ಮೂರೋ ನಾಲ್ಕೋ ಅಂಕಿಗಳಿರುತ್ತವೆ. ಅವು ಹಾಡಿನ ಸಂಖ್ಯೆಗಳೆಂದು ಅವನಿಗೆ ಯಾರೂ ಹೇಳಿರುವುದಿಲ್ಲ. ಎಲ್ಲರೂ ಒಮ್ಮೆಗೇ ಏಳುತ್ತಾರೆ, ಅವನು ಅರ್ಧ ಏಳುವಷ್ಟರಲ್ಲಿ ಎಲ್ಲರೂ ಮೊಣಕಾಲೂರಿರುತ್ತಾರೆ. ಗುರುಗಳು ಹೇಳುವ ಒಂದು ಮಾತಿಗೆ ಸಭೆಯೆಲ್ಲ ಒಕ್ಕೊರಲಿನಿಂದ ಉತ್ತರಿಸುತ್ತದೆ. ಆ ಉತ್ತರ ಬಾಯಿಪಾಠವಿದ್ದವರಿಗೆ ಪುಸ್ತಕ ಬೇಕಿಲ್ಲ, ಪುಸ್ತಕ ಬೇಕಾದವನಿಗೆ ಪುಟ ಗೊತ್ತಿಲ್ಲ. ಕಾಣಿಕೆಯ ಚೀಲ ಮುಂದೆ ಬಂದಾಗ ಹಾಕದೆ ದಾಟಿಸಬಹುದೋ ಇಲ್ಲವೋ ಎಂದು ಮುಜುಗರಪಡುತ್ತಾನೆ. ಯೇಸುವಿನ ಕೊನೆಯ ಊಟವನ್ನು ನೆನೆದು ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಪ್ರಭುಭೋಜನಕ್ಕೆ ಬೆಂಚೆಲ್ಲ ಖಾಲಿಯಾಗುವಾಗ ಒಬ್ಬೊಬ್ಬರೂ ಅವನ ಮೊಣಕಾಲನ್ನು ದಾಟಿಕೊಂಡು ಹೋಗುತ್ತಾರೆ. ಆರಾಧನೆ ಮುಗಿದ ಮೇಲೆ ನಗುಮುಖದಿಂದ ಬಂದ ಹಿರಿಯರೊಬ್ಬರು ಕೇಳುವ ಮೊದಲ ಪ್ರಶ್ನೆ, ‘ತಾವು ಯಾವ ಸಭೆಯವರು?’ ಕೇಳಿದವರ ಮನಸ್ಸಿನಲ್ಲಿ ಕಪಟವಿಲ್ಲ. ಆದರೆ ತನ್ನ ಹುಟ್ಟು, ಕುಲ, ಕಸುಬು, ಕುಟುಂಬದ ಸ್ಥಿತಿ ಎಲ್ಲದಕ್ಕೂ ಲೆಕ್ಕ ಒಪ್ಪಿಸಿ ಬೇಸತ್ತು ಬಂದವನಿಗೆ ಆ ಪ್ರಶ್ನೆ ಇನ್ನೊಂದು ತನಿಖೆಯಾಗಿ ಕೇಳಿಸಿದರೆ ಅವನನ್ನು ದೂರುವಂತಿಲ್ಲ.

ಇದು ಸಣ್ಣ ವಿಷಯವೆಂದು ತಳ್ಳಿಹಾಕುವವರು ಆದಿಸಭೆಯ ಬೋಧಕ ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ 14ನೇ ಅಧ್ಯಾಯವನ್ನು ತೆರೆದು ನೋಡಬೇಕು. ಸಭೆಯೆಲ್ಲ ಕೂಡಿ ಅರ್ಥವಾಗದ ಭಾಷೆಗಳಲ್ಲಿ ಮಾತಾಡುತ್ತಿರುವಾಗ ಏನೂ ತಿಳಿಯದವನೊಬ್ಬ ಒಳಗೆ ಬಂದರೆ ನಿಮಗೆ ಹುಚ್ಚು ಹಿಡಿದಿದೆ ಎಂದು ಹೇಳುವುದಿಲ್ಲವೇ ಎಂದು ಅವನು ಅಲ್ಲಿ ಕೇಳುತ್ತಾನೆ. ಆರಾಧನೆ ಹೇಗಿರಬೇಕೆಂಬುದಕ್ಕೆ ಪೌಲನು ಅಲ್ಲಿ ಒಡ್ಡುವ ಪರೀಕ್ಷೆಗಳಲ್ಲಿ ಬಾಗಿಲಲ್ಲಿ ಈಗತಾನೇ ಕಾಲಿಟ್ಟವನ ತಿಳಿವಳಿಕೆಯೂ ಒಂದು. ಆ ಮಾತು ನಮ್ಮ ಮನಸ್ಸಿಗಿಳಿಯಲು ಎಷ್ಟು ಕಾಲ ಬೇಕಾಯಿತು ನೋಡಿ. ಲ್ಯಾಟಿನ್ ಭಾಷೆಯಲ್ಲಿ ನಡೆಯುತ್ತಿದ್ದ ಪೂಜೆಯನ್ನು ಜನರ ಆಡುಭಾಷೆಗಳಲ್ಲಿ ನಡೆಸಲು ಕಥೋಲಿಕ ಧರ್ಮಸಭೆ ಎರಡನೇ ವ್ಯಾಟಿಕನ್ ಮಹಾಸಭೆಯಲ್ಲಿ ಹಾದಿ ಮಾಡಿಕೊಟ್ಟದ್ದು 1963ರಲ್ಲಿ. ಪ್ರಾಟೆಸ್ಟಂಟರು ಈ ಕೆಲಸವನ್ನು ಶತಮಾನಗಳ ಹಿಂದೆಯೇ ಮಾಡಿದರಾದರೂ, ಸಭೆಯವರಿಗಷ್ಟೇ ತಿಳಿಯುವ ಒಳಮಾತುಗಳ ಹೊಸದೊಂದು ಲ್ಯಾಟಿನನ್ನು ತಾವೇ ಕಟ್ಟಿಕೊಂಡಿದ್ದಾರೆ ಎಂಬುದನ್ನೂ ಹೇಳಲೇಬೇಕು.

ಹೊರಗಿನವರ ಪ್ರಶ್ನೆ ಬೈಬಲ್ಲಿನಲ್ಲಿ ಅಂಚಿನ ಟಿಪ್ಪಣಿಯಲ್ಲ, ನಡುಮನೆಯ ಜಗಳ. ಬೀಜ ಒಡೆಸಿಕೊಂಡವನು ಕರ್ತನ ಸಭೆಗೆ ಸೇರಬಾರದೆಂದು ಧರ್ಮೋಪದೇಶಕಾಂಡದ 23ನೇ ಅಧ್ಯಾಯ ಕಟ್ಟುನಿಟ್ಟಾಗಿ ಹೇಳುತ್ತದೆ. ಯೆಶಾಯನ ಗ್ರಂಥದ 56ನೇ ಅಧ್ಯಾಯ ಅದೇ ನಪುಂಸಕನಿಗೆ ದೇವಾಲಯದ ಗೋಡೆಗಳ ಒಳಗೇ ಗಂಡು ಹೆಣ್ಣು ಮಕ್ಕಳಿಗಿಂತ ಶ್ರೇಷ್ಠವಾದ ಹೆಸರನ್ನು ವಾಗ್ದಾನ ಮಾಡಿ, ಅನ್ಯದೇಶದವನನ್ನೂ ಜೊತೆಗೆ ಸೇರಿಸಿ, ನನ್ನ ಆಲಯವು ಸಮಸ್ತ ಜನಾಂಗಗಳಿಗೂ ಪ್ರಾರ್ಥನಾಲಯ ಎನ್ನುತ್ತದೆ. ಹೀಗಿದ್ದೂ ಯೇಸುವಿನ ಕಾಲದ ಯೆರೂಸಲೇಮಿನ ದೇವಾಲಯದಲ್ಲಿ ಅನ್ಯಜನರು, ಅಂದರೆ ಯೆಹೂದ್ಯರಲ್ಲದವರು, ಹೊರ ಅಂಗಳದಲ್ಲೇ ನಿಲ್ಲಬೇಕಿತ್ತು. ಅಡ್ಡಗೋಡೆಯ ಮೇಲೆ ಗ್ರೀಕ್ ಭಾಷೆಯ ಎಚ್ಚರಿಕೆಯ ಕಲ್ಲುಗಳಿದ್ದವು. ಒಳಗೆ ಸಿಕ್ಕಿಬಿದ್ದ ಅನ್ಯನು ತನ್ನ ಸಾವಿಗೆ ತಾನೇ ಹೊಣೆ ಎಂಬುದು ಅವುಗಳ ಒಕ್ಕಣೆ. ಅಂಥ ಇಡೀ ಕಲ್ಲೊಂದು 1871ರಲ್ಲಿ ಸಿಕ್ಕಿ ಈಗ ಇಸ್ತಾಂಬುಲಿನ ವಸ್ತುಸಂಗ್ರಹಾಲಯದಲ್ಲಿದೆ. ವ್ಯಾಪಾರಿಗಳನ್ನು ಹೊರಗಟ್ಟುವಾಗ ಯೇಸು ಉದ್ಧರಿಸಿದ್ದು ಯೆಶಾಯನ ಅದೇ ಮಾತನ್ನು. ‘ಸಮಸ್ತ ಜನಾಂಗಗಳಿಗೂ’ ಎಂಬ ಪದಗಳನ್ನು ಅಲ್ಲಿ ಉಳಿಸಿಕೊಂಡವನು, ಈ ಮಾತನ್ನು ದಾಖಲಿಸಿದ ಸುವಾರ್ತೆಗಾರರಲ್ಲಿ, ಮಾರ್ಕನೊಬ್ಬನೇ; ಮತ್ತಾಯ, ಲೂಕರ ಪಾಠಗಳಲ್ಲಿ ಅವು ಇಲ್ಲ. ಅನ್ಯನಾದ ಎಫೆಸದ ತ್ರೊಫಿಮನನ್ನು ಪೌಲನು ಆ ಗೋಡೆಯ ಒಳಗೆ ಕರೆತಂದನೆಂಬ ಶಂಕೆಯಿಂದಲೇ ಪಟ್ಟಣವೆಲ್ಲ ಎದ್ದು ಪೌಲನನ್ನು ಕೊಲ್ಲಲು ಹೊರಟಿತು ಎಂಬುದನ್ನು ನೆನೆದರೆ, ಗೋಡೆಯ ಭಯ ಎಷ್ಟು ನೈಜವಾಗಿತ್ತೆಂದು ತಿಳಿಯುತ್ತದೆ. ದೇವಾಲಯದ ಈ ಕಥೆಯನ್ನು ಯೆಹೂದ್ಯರನ್ನು ಹಳಿಯಲು ಬಳಸುವವರಿದ್ದಾರೆ. ಅದು ಅನ್ಯಾಯ, ಏಕೆಂದರೆ ಗೋಡೆಯನ್ನು ಪ್ರಶ್ನಿಸಿದ ಯೆಶಾಯನೂ ಯೇಸುವೂ ಪೌಲನೂ ಯೆಹೂದ್ಯರೇ. ಗೋಡೆ ಕಟ್ಟುವುದರಲ್ಲಿ ಕ್ರೈಸ್ತರು ಯಾರಿಗೂ ಕಡಿಮೆಯಾದವರಲ್ಲ.

ಅಪೊಸ್ತಲರ ಕೃತ್ಯಗಳ 8ನೇ ಅಧ್ಯಾಯದಲ್ಲಿ ಐಥಿಯೋಪ್ಯದ ರಾಣಿಯ ಖಜಾನೆಯ ಅಧಿಕಾರಿಯೊಬ್ಬ ಬರುತ್ತಾನೆ. ಅವನು ಪರದೇಶಿ, ಮೇಲಾಗಿ ಕಂಚುಕಿ, ಅಂದರೆ ನಪುಂಸಕ. ಆರಾಧನೆಗೆಂದು ಯೆರೂಸಲೇಮಿಗೆ ಅಷ್ಟು ದೂರ ಹೋಗಿ, ರಥದಲ್ಲಿ ಕುಳಿತು ಯೆಶಾಯನನ್ನೇ ಓದುತ್ತಾ ಹಿಂದಿರುಗುತ್ತಿದ್ದಾನೆ. ನೀರು ಕಂಡೊಡನೆ, ನನಗೆ ದೀಕ್ಷಾಸ್ನಾನವಾಗುವುದಕ್ಕೆ ಅಡ್ಡಿಯೇನು ಎಂದು, ರಥ ಹತ್ತಿ ತನಗೆ ಸುವಾರ್ತೆ ಹೇಳುತ್ತಿದ್ದ ಫಿಲಿಪ್ಪನನ್ನು ಕೇಳುತ್ತಾನೆ. ಅಡ್ಡಿಗಳ ಪಟ್ಟಿ ಉದ್ದವಾಗಿಯೇ ಇತ್ತು. ಆದರೆ ಅತಿ ಹಳೆಯ ಹಸ್ತಪ್ರತಿಗಳಲ್ಲಿ ಫಿಲಿಪ್ಪನು ಉತ್ತರವನ್ನೇ ಕೊಡುವುದಿಲ್ಲ, ಇಬ್ಬರೂ ನೀರಿಗಿಳಿಯುತ್ತಾರೆ. ‘ನೀನು ಪೂರ್ಣಹೃದಯದಿಂದ ನಂಬಿದರೆ ಆಗಬಹುದು’ ಎಂಬ 37ನೇ ವಚನ ನಂತರದವರ ಸೇರ್ಪಡೆ. ಷರತ್ತೇ ಇಲ್ಲದ ದೀಕ್ಷಾಸ್ನಾನವನ್ನು ಯಾವನೋ ಲಿಪಿಕಾರನ ಕೈ ಹಾಗೆಯೇ ಬಿಡಲು ಒಪ್ಪಲಿಲ್ಲವೆಂದು ಕಾಣುತ್ತದೆ. ಆ ಕೈ ಇಂದಿಗೂ ನಮ್ಮ ಸಭೆಗಳ ದಾಖಲೆ ಪುಸ್ತಕಗಳಲ್ಲಿ ಬರೆಯುತ್ತಲೇ ಇದೆ.

ಕೊರ್ನೇಲ್ಯನ ಪ್ರಸಂಗವನ್ನು ನಾವು ಒಬ್ಬ ರೋಮನ್ ಅಧಿಕಾರಿಯ ಮನಪರಿವರ್ತನೆಯೆಂದು ಬೋಧಿಸುತ್ತೇವೆ. ನಿಧಾನವಾಗಿ ಓದಿದರೆ ಅಲ್ಲಿ ಹೆಚ್ಚು ಬದಲಾಗುವವನು ಅವನ ಮನೆಗೆ ಹೋದ ಯೇಸುವಿನ ಶಿಷ್ಯ ಪೇತ್ರನೇ. ಯೊಪ್ಪದಲ್ಲಿ ಚರ್ಮ ಹದಮಾಡುವ ಸೀಮೋನನ ಮನೆಯಲ್ಲಿ ಇಳಿದುಕೊಂಡಿದ್ದವನಿಗೂ ಅನ್ಯನ ಮನೆಯ ಹೊಸ್ತಿಲು ದಾಟಲು ದರ್ಶನವೊಂದು ಬೇಕಾಯಿತು. ಹಿಂತಿರುಗಿ ಬಂದಾಗ ಯೆರೂಸಲೇಮಿನವರು ಅವನನ್ನು ಆಕ್ಷೇಪಿಸಿದ್ದು, ನೀನು ಸುನ್ನತಿಯಿಲ್ಲದವರ ಬಳಿಗೆ ಹೋಗಿ ಅವರ ಸಂಗಡ ಊಟ ಮಾಡಿದೆ ಎಂದು. ದೀಕ್ಷಾಸ್ನಾನ ಕೊಟ್ಟೆ ಎಂದು ಯಾರೂ ಅಲ್ಲಿ ದೂರಲಿಲ್ಲ, ಕಣ್ಣು ಕುಕ್ಕಿದ್ದು ಊಟ. ಮುಂದೆ ಅಂತಿಯೋಕ್ಯದಲ್ಲಿ ಅದೇ ಪೇತ್ರನು ಯೆರೂಸಲೇಮಿನಿಂದ ಬಂದವರಿಗೆ ಹೆದರಿ ಅನ್ಯಜನರ ಪಂಕ್ತಿಯಿಂದ ಎದ್ದುಹೋದನೆಂದೂ, ಪೌಲನು ಎಲ್ಲರೆದುರೇ ಅವನನ್ನು ಖಂಡಿಸಿದನೆಂದೂ ಗಲಾತ್ಯದವರಿಗೆ ಬರೆದ ಪತ್ರ ಹೇಳುತ್ತದೆ. ಪಂಕ್ತಿಭೇದವೆಂದರೆ ಏನೆಂದು ಬಲ್ಲ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕೊರಿಂಥದಲ್ಲಿ ಇದೇ ರೋಗ ಬೇರೊಂದು ರೂಪದಲ್ಲಿತ್ತು. ಉಳ್ಳವರು ತಮ್ಮ ಊಟವನ್ನು ತಾವು ಮುಂಚೆಯೇ ಮುಗಿಸಿ ಅಮಲೇರಿಸಿಕೊಂಡಿರುತ್ತಿದ್ದರು, ಇಲ್ಲದವರು ಹಸಿದೇ ಇರುತ್ತಿದ್ದರು. ನೀವು ಕೂಡಿ ತಿನ್ನುವುದು ಪ್ರಭುಭೋಜನವೇ ಅಲ್ಲ ಎಂದು ಪೌಲನು ತೀರ್ಪು ಕೊಡುತ್ತಾನೆ. ಮಂತ್ರ ತಪ್ಪಿದ್ದರಿಂದಲ್ಲ, ಬಡವರಿಗೆ ಅವಮಾನವಾದದ್ದರಿಂದ. ಯಾಕೋಬನ ಪತ್ರದಲ್ಲಿ ಚಿನ್ನದ ಉಂಗುರದವನಿಗೆ ಒಳ್ಳೆಯ ಆಸನ, ಕೊಳಕು ಬಟ್ಟೆಯ ಬಡವನಿಗೆ ‘ನೀನು ಅಲ್ಲಿ ನಿಂತುಕೋ’ ಎಂಬ ಮಾತು. ಸಿರಿಯ ಪ್ರಾಂತದಲ್ಲಿ ಮೂರನೆಯ ಶತಮಾನದಲ್ಲಿ ರಚಿತವಾದ ‘ದಿದಸ್ಕಾಲಿಯ’ ಎಂಬ ಸಭಾನಿಯಮಗಳ ಗ್ರಂಥವು ಇದಕ್ಕೆ ನೇರ ಪರಿಹಾರವನ್ನೇ ಬರೆದಿಟ್ಟಿದೆ: ಬಡವರೋ ವೃದ್ಧರೋ ಬಂದಾಗ ಕೂರಲು ಜಾಗವಿಲ್ಲದಿದ್ದರೆ, ಬಿಷಪರು ತಾವು ನೆಲದ ಮೇಲೆ ಕುಳಿತಾದರೂ ಅವರಿಗೆ ಜಾಗ ಮಾಡಿಕೊಡಬೇಕು. ಆಗಿನ ಬಿಷಪರಲ್ಲಿ ಎಷ್ಟು ಮಂದಿ ನೆಲಕ್ಕಿಳಿದರೋ ದೇವರೇ ಬಲ್ಲ, ಆದರೆ ಯಾರು ಸರಿಯಬೇಕು ಎಂಬುದರಲ್ಲಿ ಆ ಗ್ರಂಥಕ್ಕೆ ಅನುಮಾನವಿರಲಿಲ್ಲ.

ನಂತರದ ಚರಿತ್ರೆ ಆ ನಿಯಮವನ್ನು ತಲೆಕೆಳಗು ಮಾಡಿತು. ಇಂಗ್ಲೆಂಡಿನಲ್ಲೂ ಅಮೆರಿಕದಲ್ಲೂ 19ನೇ ಶತಮಾನದ ಎಷ್ಟೋ ಚರ್ಚುಗಳಲ್ಲಿ ಬೆಂಚುಗಳನ್ನು ಕುಟುಂಬಗಳಿಗೆ ಬಾಡಿಗೆಗೆ ಕೊಡುತ್ತಿದ್ದರು. ಬಾಡಿಗೆ ತೆರಲಾರದವರು ಉಳಿದ ಮೂಲೆಗಳಲ್ಲಿ ಕೂರಬೇಕಿತ್ತು. 18ನೇ ಶತಮಾನದ ಕೊನೆಯಲ್ಲಿ ಫಿಲಡೆಲ್ಫಿಯದ ಸೇಂಟ್ ಜಾರ್ಜ್ ಮೆಥೊಡಿಸ್ಟ್ ಚರ್ಚಿನಲ್ಲಿ ಮೊಣಕಾಲೂರಿ ಪ್ರಾರ್ಥಿಸುತ್ತಿದ್ದ ಕಪ್ಪುವರ್ಣೀಯ ಅಬ್ಸಲೋಮ್ ಜೋನ್ಸರನ್ನು ಅಲ್ಲಿನ ಮೇಲ್ವಿಚಾರಕರು ಹಿಡಿದೆಬ್ಬಿಸಿದರು. ಪ್ರಾರ್ಥನೆ ಮುಗಿಯುವವರೆಗಾದರೂ ತಾಳಿ ಎಂದು ಕೇಳಿಕೊಂಡರೂ ಬಿಡಲಿಲ್ಲ. ಪ್ರಾರ್ಥನೆ ಮುಗಿದೊಡನೆ ಕಪ್ಪುವರ್ಣೀಯರೆಲ್ಲ ಒಟ್ಟಾಗಿ ಹೊರನಡೆದರು. ಅವರಲ್ಲೊಬ್ಬರಾದ ರಿಚರ್ಡ್ ಅಲನ್ 1816ರಲ್ಲಿ ಆಫ್ರಿಕನ್ ಮೆಥೊಡಿಸ್ಟ್ ಎಪಿಸ್ಕೋಪಲ್ ಚರ್ಚಿನ ಮೊದಲ ಬಿಷಪರಾದರು. ದಕ್ಷಿಣ ಆಫ್ರಿಕದ ಡಚ್ ರಿಫಾರ್ಮ್ಡ್ ಚರ್ಚಿನ ಕಥೆ ಇನ್ನಷ್ಟು ಕಲಿಸುತ್ತದೆ. ಬಣ್ಣದ ಭೇದವಿಲ್ಲದೆ ಎಲ್ಲರಿಗೂ ಒಟ್ಟಿಗೇ ಪ್ರಭುಭೋಜನ ಎಂದು 1829ರಲ್ಲಿ ನಿರ್ಣಯಿಸಿದ್ದ ಅದೇ ಸಿನೊಡ್ (ಆ ಚರ್ಚಿನ ಆಡಳಿತ ಸಭೆ) 1857ರಲ್ಲಿ, ಒಟ್ಟಿಗಿರುವುದೇ ವೇದಾನುಸಾರವೆಂದು ಒಪ್ಪಿಕೊಂಡೇ, ‘ಕೆಲವರ ಬಲಹೀನತೆಯ ನಿಮಿತ್ತ’ ಬೇರೆ ಕಟ್ಟಡಗಳಲ್ಲಿ ಆರಾಧನೆ ನಡೆಸಬಹುದೆಂದಿತು. ಬಲಹೀನರೆಂದರೆ ಇಲ್ಲಿ ಕಪ್ಪುವರ್ಣೀಯರ ಪಕ್ಕ ಕೂರಲಾರದ ಬಿಳಿಯರು! 1881ರಲ್ಲಿ ಮಿಶ್ರವರ್ಣೀಯರಿಗೆಂದು ಬೇರೆ ಸಭೆಯೇ ಆಯಿತು. ಹಾಗೆ ಬೇರ್ಪಟ್ಟವರೇ 1982ರಲ್ಲಿ ಕರಡು ಸಿದ್ಧಪಡಿಸಿ 1986ರಲ್ಲಿ ಅಂಗೀಕರಿಸಿದ ಬೆಲ್ಹಾರ್ ವಿಶ್ವಾಸ ಪ್ರಮಾಣವು, ಐಕ್ಯವನ್ನು ಬಣ್ಣದಿಂದ ಮುರಿಯುವುದು ಸುವಾರ್ತೆಯನ್ನೇ ಮುರಿದಂತೆ ಎಂದು ಸಾರಿತು. ಕೆಲವರ ಇರಿಸುಮುರಿಸಿಗೆ ಕೊಟ್ಟ ಒಂದು ಸಣ್ಣ ರಿಯಾಯಿತಿ ನೂರಕ್ಕೂ ಹೆಚ್ಚು ವರ್ಷಗಳ ಗೋಡೆಯಾಗುವುದು ಹೀಗೆ. ಜಾತಿಯ ಹೆಸರಿನಲ್ಲಿ ಬೆಂಚುಗಳನ್ನು ಬೇರೆ ಮಾಡಿದವರೂ ಇದೇ ಬಲಹೀನತೆಯ ನೆವವನ್ನೇ ಹೇಳಿದ್ದಾರೆ.

ಶಿಸ್ತೇ ಬೇಡವೆಂದು ನಾನು ವಾದಿಸುತ್ತಿಲ್ಲ. ಆದಿಸಭೆಯಲ್ಲಿ ದೀಕ್ಷಾಸ್ನಾನಕ್ಕೆ ಸಿದ್ಧರಾಗುತ್ತಿದ್ದವರನ್ನು ಪ್ರಭುಭೋಜನಕ್ಕೆ ಮುನ್ನ ಕಳುಹಿಸಿಕೊಡುತ್ತಿದ್ದರು. ಇಂದಿಗೂ ಕಥೋಲಿಕ ಮತ್ತು ಆರ್ಥೊಡಾಕ್ಸ್ ಸಭೆಗಳು ತಮ್ಮ ಸದಸ್ಯರಲ್ಲದವರಿಗೆ ಸಾಮಾನ್ಯವಾಗಿ ಅದನ್ನು ಕೊಡುವುದಿಲ್ಲ. ಕೆಲವು ಪ್ರಾಟೆಸ್ಟಂಟ್ ಸಭೆಗಳು ಎಲ್ಲರನ್ನೂ ಕರೆಯುತ್ತವೆ. ಈ ಪತ್ರದಲ್ಲಿ ಆ ವಿವಾದವನ್ನು ಬಗೆಹರಿಸಲಾಗದು. ಆದರೆ ಪ್ರಭುಭೋಜನದ ಮೇಜಿಗೆ ಮಿತಿಯಿಟ್ಟವರಿಗೂ ಸತ್ಕಾರ ತಿಳಿದಿರಬಹುದು. ಆರ್ಥೊಡಾಕ್ಸ್ ಸಭೆಗಳು ಎಷ್ಟೋ ಕಡೆ ಆರಾಧನೆಯ ಕೊನೆಯಲ್ಲಿ ಆಶೀರ್ವದಿಸಿದ ರೊಟ್ಟಿಯನ್ನು ಹೊರಗಿನಿಂದ ಬಂದವರ ಕೈಗೂ ಇಡುತ್ತವೆ. ಇನ್ನೊಂದು ಮಾತು: ಬಂದವರನ್ನು ತಲೆಯೆಣಿಕೆಗೆಂದು, ಫೋಟೊಗೆಂದು, ವರದಿಗೆಂದು ಹಿಡಿದುಕೊಳ್ಳುವುದು ಸ್ವಾಗತವಲ್ಲ. ನಂಬಿಕೆಗೆ ಬರುವುದೂ ಬಾರದಿರುವುದೂ ಅವರ ಮನಸ್ಸಾಕ್ಷಿಗೆ ಬಿಟ್ಟದ್ದು. ಬರದೇ ಹೋದರೂ ಅವರಿಗೆ ತೋರಿದ ಮರ್ಯಾದೆ ಕಡಿಮೆಯಾಗಬಾರದು.

ದೇಹದ ಅಡೆತಡೆಗಳಿರುವವರ ವಿಷಯದಲ್ಲಿ ಇಷ್ಟು ಮಾತೂ ಬೇಕಿಲ್ಲ. ಔತಣಕ್ಕೆ ಬಡವರನ್ನೂ ಅಂಗಹೀನರನ್ನೂ ಕುಂಟರನ್ನೂ ಕುರುಡರನ್ನೂ ಕರೆ ಎಂದು ಲೂಕನ 14ನೇ ಅಧ್ಯಾಯದಲ್ಲಿ ಯೇಸು ಹೇಳುವುದನ್ನು ಓದುವ ವೇದಿಕೆಗೇ ಗಾಲಿಕುರ್ಚಿ ಹತ್ತುವುದಿಲ್ಲವಾದರೆ ಅದು ದೇವತಾಶಾಸ್ತ್ರದ ತೊಡಕಲ್ಲ, ಗಾರೆಯವನಿಗೆ ಹೇಳಿದರೆ ಮುಗಿಯುವ ಕೆಲಸ.

ಕಷ್ಟದ ಕೆಲಸ ಬೇರೆಯೇ ಇದೆ. ಅಪೊಸ್ತಲರ ಕೃತ್ಯಗಳ 6ನೇ ಅಧ್ಯಾಯದಲ್ಲಿ, ದಿನದಿನದ ಹಂಚಿಕೆಯಲ್ಲಿ ನಮ್ಮ ವಿಧವೆಯರನ್ನು ಕಡೆಗಣಿಸುತ್ತಿದ್ದಾರೆ ಎಂದು ಗ್ರೀಕ್ ಮಾತಾಡುವವರು ಗೊಣಗಿದರು. ಆಗ ಅಪೊಸ್ತಲರು ಸಮಾಧಾನದ ಮಾತಾಡಿ ಕಳುಹಿಸಲಿಲ್ಲ, ಏಳು ಮಂದಿಯನ್ನು ಆರಿಸಿಕೊಳ್ಳಿರೆಂದರು. ಆರಿಸಿದ ಏಳು ಹೆಸರುಗಳೂ ಗ್ರೀಕ್ ಹೆಸರುಗಳು, ಅದರಲ್ಲೊಬ್ಬ ಅಂತಿಯೋಕ್ಯದಿಂದ ಬಂದು ಯೆಹೂದ್ಯ ಮತಕ್ಕೆ ಸೇರಿದ್ದ ನಿಕೊಲಾಯ. ದೂರು ಕೊಟ್ಟವರ ಕಡೆಯವರ ಕೈಗೇ ಹಂಚಿಕೆಯ ಹೊಣೆ ಹೋಯಿತೆಂದು ಆ ಹೆಸರುಗಳಿಂದಲೇ ಊಹಿಸಬಹುದು. ಐಥಿಯೋಪ್ಯದವನ ರಥವನ್ನು ಹತ್ತಿದ ಫಿಲಿಪ್ಪನೂ ಆ ಏಳು ಮಂದಿಯಲ್ಲೊಬ್ಬ. ತಮ್ಮ ಸಭೆ ಎಲ್ಲರನ್ನೂ ಸ್ವಾಗತಿಸುತ್ತದೆ ಎಂದು ಬರೆದಿರುವ ಓದುಗರಲ್ಲಿ ನನ್ನ ವಿನಂತಿ ಇಷ್ಟೇ: ಕಳೆದ ಕೆಲವು ವರ್ಷಗಳಲ್ಲಿ ಹೊರಗಿನಿಂದ ಬಂದವರಲ್ಲಿ ಎಷ್ಟು ಜನರು ವೇದಪಾಠ ಓದುತ್ತಾರೆ, ಎಷ್ಟು ಜನರು ಸಮಿತಿಯಲ್ಲಿದ್ದಾರೆ, ಎಷ್ಟು ಜನರ ಕೈಯಲ್ಲಿ ಕಾಣಿಕೆಯ ಲೆಕ್ಕದ ಪುಸ್ತಕವಿದೆ ಎಂಬುದನ್ನು ಇದೇ ಅಂಕಣದಲ್ಲಿ ತಿಳಿಸಲಿ.

ಇಂತಿ,
ತಮ್ಮ ಓದುಗ